ಮೆಟ್ಟಿಲು ಎಷ್ಟಿದ್ದರೇನು, ಸಮವಾಗಿವೆಯೇ?

ಪೀಣ್ಯದ ಕಾರ್ಖಾನೆಗಳಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. "ಸರ್, ಮೋಟಾರು ಬಿಸಿಯಾಗುತ್ತಿದೆ, ಗುಂಯ್ ಎನ್ನುತ್ತಿದೆ. ಮೂರು ಹಂತದ ಇನ್ವರ್ಟರ್ ತೆಗೆದು ಐದು ಹಂತದ್ದು ಹಾಕೋಣವೇ?" ಬೇಡ ಎಂದರೆ, "ಹಾಗಾದರೆ ಸ್ವಿಚಿಂಗ್ ಆವರ್ತನವನ್ನಾದರೂ ಏರಿಸೋಣವೇ?" ಇನ್ವರ್ಟರ್ ಎಂದರೆ ಡಿಸಿಯನ್ನು ಮೋಟಾರಿಗೆ ಬೇಕಾದ ಎಸಿ ಅಲೆಯಾಗಿಸುವ ಯಂತ್ರ. ಆ ಅಲೆಯನ್ನು ಕಟ್ಟುವ ವೋಲ್ಟೇಜ್ ಮೆಟ್ಟಿಲುಗಳೇ ಹಂತಗಳು, ಅದರ ಸ್ವಿಚ್‌ಗಳು ಸೆಕೆಂಡಿಗೆ ಎಷ್ಟು ಸಲ ಆನ್-ಆಫ್ ಆಗುತ್ತವೆಂಬುದೇ ಸ್ವಿಚಿಂಗ್ ಆವರ್ತನ. ಲಕ್ಷಗಟ್ಟಲೆ ಸುರಿಯಲು ತಯಾರಿರುವ ಇವರು ಡಿಸಿ ಬಸ್ಸಿನ, ಅಂದರೆ ಇನ್ವರ್ಟರಿನೊಳಗಿನ ಡಿಸಿ ಸಾಲಿನ, ನಡುಬಿಂದುವನ್ನು ಒಮ್ಮೆಯೂ ಅಳೆಸಿರುವುದಿಲ್ಲ.

ಜಪಾನಿನ ಎಂಜಿನಿಯರುಗಳಾದ ನಬಾಯೆ, ತಕಹಾಶಿ, ಅಕಾಗಿ 1981ರಲ್ಲಿ ಪ್ರಕಟಿಸಿದ ಮೂರು ಹಂತದ ವಿನ್ಯಾಸದಲ್ಲಿ ಎರಡು ಕೆಪಾಸಿಟರುಗಳು ಡಿಸಿ ವೋಲ್ಟೇಜನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. ಅವೆರಡೂ ಸೇರುವ ಜಾಗವೇ ನಡುಬಿಂದು. ಆ ಅರ್ಧಗಳು ಸಮವಾಗಿದ್ದರೆ ಮಾತ್ರ ಅಲೆಯ ಮೇಲ್ಭಾಗ ಮತ್ತು ಕೆಳಭಾಗ ಒಂದಕ್ಕೊಂದು ಹೊಂದುತ್ತವೆ. ಒಂದು ಮೆಟ್ಟಿಲು ಎತ್ತರ, ಇನ್ನೊಂದು ತಗ್ಗು ಆಯಿತೋ, ಸಮಸಂಖ್ಯೆಯ ಹಾರ್ಮೋನಿಕ್ಸ್, ಅಂದರೆ ಮೂಲ ಆವರ್ತನದ ಎರಡು, ನಾಲ್ಕು ಪಟ್ಟಿನ ಬೇಡದ ಅಲೆಗಳು, ನುಸುಳುತ್ತವೆ. ಮುಖ್ಯವಾಗಿ ಎರಡನೆಯದು: ಮೋಟಾರು 50 ಹರ್ಟ್ಸ್‌ನಲ್ಲಿ ಓಡುತ್ತಿದ್ದರೆ 100 ಹರ್ಟ್ಸ್.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದೇ. ಸ್ವಿಚಿಂಗಿನಿಂದ ಹುಟ್ಟುವ ಕಿಲೋಹರ್ಟ್ಸ್ ಏರಿಳಿತವನ್ನು ಮೋಟಾರಿನ ಇಂಡಕ್ಟನ್ಸ್ (ವೇಗದ ಏರಿಳಿತಕ್ಕೆ ಅದರ ಸುರುಳಿಗಳು ಒಡ್ಡುವ ತಡೆ) ಬಹುಪಾಲು ತಡೆಯುತ್ತದೆ. 100 ಹರ್ಟ್ಸನ್ನು ಹಾಗೆ ತಡೆಯಲಾರದು. ಅದು 50ರ ನೆರೆಮನೆಯದು. ಮೇಲಾಗಿ ಅದರ ಕಾಂತಕ್ಷೇತ್ರ ರೋಟರಿಗೆ ಎದುರಾಗಿ ತಿರುಗುತ್ತದೆ. ಬಿಸಿಯೂ ಕಂಪನವೂ ಅಲ್ಲಿಂದಲೇ. ಸ್ವಿಚಿಂಗ್ ಏರಿಸಿದರೆ ಇದು ತಗ್ಗುವುದಿಲ್ಲ, ಸ್ವಿಚ್‌ಗಳು ಇನ್ನಷ್ಟು ಬಿಸಿಯಾಗುತ್ತವೆ. ಹಂತ ಹೆಚ್ಚಿಸಿದರೆ ಸಮವಾಗಿಡಬೇಕಾದ ಕೆಪಾಸಿಟರುಗಳೂ ಹೆಚ್ಚುತ್ತವೆ.

ಮೋಟಾರಿನ ಬಿಸಿಗೆಲ್ಲ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ಬೇರಿಂಗ್, ಫ್ಯಾನ್, ಅತಿಭಾರ ಇವನ್ನು ಮೊದಲು ನೋಡಿ. ಅಳತೆಯನ್ನೂ ತಕ್ಕ ಪ್ರೋಬ್ ಇರುವ, ಬಲ್ಲವರೇ ಮಾಡಲಿ. ವಿದ್ಯುತ್ ಕಡಿದ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ಕಳೆದ ಮಳೆಗಾಲದಲ್ಲಿ ಕಂಪ್ರೆಸರ್ ಇರುವ ಕಾರ್ಖಾನೆಯೊಂದಕ್ಕೆ ಹೋಗಿದ್ದೆ. ಅಲ್ಲಿನ ಎಳೆಯ ತಂತ್ರಜ್ಞ ತನ್ನ ನೋಟ್‌ಬುಕ್ ತೋರಿಸಿದ. ದಿನವೂ ಬೆಳಿಗ್ಗೆ ಎಂಟಕ್ಕೆ ಇನ್ವರ್ಟರಿನ ಪರದೆ ನೋಡಿ ಬರೆದ, ಎರಡು ಕೆಪಾಸಿಟರುಗಳ ವೋಲ್ಟೇಜಿನ ಅಂಕಿಗಳು, ಮುತ್ತು ಪೋಣಿಸಿದಂಥ ಅಕ್ಷರ: 290, 290. ನನ್ನ ಮೀಟರ್ ತೋರಿಸಿದ್ದು 312 ಮತ್ತು 268. ನಡುಬಿಂದುವನ್ನು ಅಳೆಯುವ ಸರ್ಕ್ಯೂಟಿನಲ್ಲಿ ಒಂದು ರೆಸಿಸ್ಟರ್ ಶಾಖಕ್ಕೆ ಮೌಲ್ಯ ಬದಲಿಸಿತ್ತು. ಕಂಟ್ರೋಲರ್ ಆ ಸುಳ್ಳನ್ನು ನಂಬಿ, ಇಲ್ಲದ ಸಮತೋಲನವನ್ನು ನಿಷ್ಠೆಯಿಂದ ಕಾಯುತ್ತಿತ್ತು. ಕೆಲವೇ ರೂಪಾಯಿಯ ರೆಸಿಸ್ಟರ್ ಬದಲಿಸಿದೆವು, ಗುಂಯ್ ಸದ್ದು ನಿಂತಿತು. "ನಾನು ಬರೆದದ್ದೆಲ್ಲ ತಪ್ಪೇ ಸರ್?" ಎಂದು ಆ ಹುಡುಗ ಮುಖ ಸಣ್ಣದು ಮಾಡಿಕೊಂಡ. ನೀನು ಕಂಡದ್ದನ್ನೇ ಬರೆದಿದ್ದೀಯಪ್ಪ, ಎಂದೆ. ಈಗ ಆ ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಇದೆ. ತಿಂಗಳಿಗೊಮ್ಮೆ ಮೀಟರಿನ ಅಳತೆಯನ್ನು ಅಲ್ಲಿ ಬರೆದು ನನಗೆ ಫೋಟೊ ಕಳುಹಿಸುತ್ತಾನೆ.