ತೀರ್ಪು ಕೊಡಲೊಲ್ಲದ ಹಾಡುಗಾರ

1979ರ ಆಗಸ್ಟ್ 27ರ ರಾತ್ರಿ ಇಟಲಿಯ ಸಾರ್ಡಿನಿಯಾ ದ್ವೀಪದ ಒಂದು ತೋಟದ ಮನೆಗೆ ಅಪಹರಣಕಾರರು ನುಗ್ಗಿದರು. ಹಾಡುಗಾರ ಫಾಬ್ರಿಝಿಯೊ ದೆ ಆಂದ್ರೆ ಮತ್ತು ಅವರ ಸಂಗಾತಿ, ಹಾಡುಗಾರ್ತಿ ದೋರಿ ಗೆಜ್ಜಿ ಇಬ್ಬರನ್ನೂ ಹೊತ್ತೊಯ್ದರು. ಹೆಚ್ಚುಕಡಿಮೆ ನಾಲ್ಕು ತಿಂಗಳು ಇಬ್ಬರೂ ಕಾಡಿನಲ್ಲಿ ಸೆರೆಯಾಗಿದ್ದರು. ಬಿಡುಗಡೆಯಾದದ್ದು ಕ್ರಿಸ್‌ಮಸ್‌ಗೆ ಕೆಲವೇ ದಿನ ಇರುವಾಗ, ಸುಮಾರು 55 ಕೋಟಿ ಲಿರಾ ಕೊಟ್ಟ ಮೇಲೆ. ದುಡ್ಡು ಹೊಂದಿಸಿದ್ದು ಬಹುಪಾಲು ಫಾಬ್ರಿಝಿಯೊ ಅವರ ತಂದೆ.

ಮುಂದೆ ಅಪಹರಣಕಾರರು ಸಿಕ್ಕಿಬಿದ್ದರು. ಆಗ ದೆ ಆಂದ್ರೆ, ತಮ್ಮನ್ನು ಕಾವಲು ಕಾಯುತ್ತಿದ್ದವರನ್ನು ಕ್ಷಮಿಸಿದರು. ಆದರೆ ಸಂಚು ಹೂಡಿದವರನ್ನು ಕ್ಷಮಿಸಲಿಲ್ಲ. ಅವರು ಉಳ್ಳವರು, ಬಡತನದ ನೆಪ ಅವರಿಗಿಲ್ಲ ಎಂಬುದು ಕಾರಣ. ಇದು ಒಂದು ದಿನದ ದೊಡ್ಡತನ ಅಲ್ಲವೇ ಅಲ್ಲ. ಆ ಹೊತ್ತಿಗೆ ಅವರ ಹಾಡುಗಳು ಇದೇ ಮಾತನ್ನು ಹೇಳುತ್ತಾ ಹದಿನೈದು ವರ್ಷ ದಾಟಿತ್ತು.

ಹುಟ್ಟಿದ್ದು 1940ರ ಫೆಬ್ರವರಿ 18ರಂದು, ಜಿನೋವಾ ನಗರದ ಪೆಲ್ಯಿ ಬಡಾವಣೆಯಲ್ಲಿ. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ತಂದೆ ದೊಡ್ಡ ಸಕ್ಕರೆ ಕಂಪನಿಯೊಂದನ್ನು ನಡೆಸಿದವರು, ನಗರದ ಉಪಮೇಯರ್ ಕೂಡ ಆಗಿದ್ದವರು. ಮಗ ಮಾತ್ರ ಬಂದರಿನ ಪಕ್ಕದ ಇಕ್ಕಟ್ಟು ಓಣಿಗಳಲ್ಲಿ ಅಲೆಯುತ್ತಿದ್ದ. ಅಲ್ಲಿ ನಾವಿಕರು, ವೇಶ್ಯೆಯರು, ಕುಡುಕರು. ತಂದೆ ಫ್ರಾನ್ಸ್‌ನಿಂದ ತಂದುಕೊಟ್ಟ, ಫ್ರೆಂಚ್ ಹಾಡುಗಾರ ಜಾರ್ಜ್ ಬ್ರಾಸೆನ್ಸ್‌ ಅವರ ರೆಕಾರ್ಡುಗಳು ಹುಡುಗನ ತಲೆ ತಿರುಗಿಸಿದವು. ಕಾನೂನು ಓದು ಅರ್ಧಕ್ಕೇ ನಿಂತಿತು.

ಆಗ ಇಟಲಿಯಲ್ಲಿ ಹಾಡು ಬರೆಯುವವರು ಒಬ್ಬರು, ಹಾಡುವವರು ಇನ್ನೊಬ್ಬರು. 1960ರ ಆಸುಪಾಸಿನಲ್ಲಿ ತಾವೇ ಬರೆದು ತಾವೇ ಹಾಡುವ ಹೊಸ ಪೀಳಿಗೆ ಬಂತು. ಇವರಿಗೆ ‘ಕಾಂತಾವುತೋರೆ’ ಎಂಬ ಹೆಸರಾಯಿತು. ಜೀನೊ ಪಾವೊಲಿ, ಲುಯೀಜಿ ತೆಂಕೊ, ಬ್ರೂನೊ ಲಾವುಜಿ, ಉಂಬೆರ್ತೊ ಬಿಂದಿ ಇವರೆಲ್ಲ ಜಿನೋವಾದ ಗುಂಪಿನವರೇ. ಇವರು ಹೆಚ್ಚಾಗಿ ಪ್ರೀತಿ, ಒಂಟಿತನಗಳನ್ನು ಹಾಡಿದರೆ ದೆ ಆಂದ್ರೆ ಊರಿನವರು ಮುಖ ತಿರುಗಿಸುವ ಜನರನ್ನು ಹಾಡಿದರು.

ಅವರ ಮೊದಲ ದೊಡ್ಡ ಹಾಡು ‘ಮರಿನೆಲ್ಲಾ’ ಬಂದದ್ದು 1964ರಲ್ಲಿ. ಹುಡುಗನಾಗಿದ್ದಾಗ ಓದಿದ್ದ ಪತ್ರಿಕೆಯ ಸುದ್ದಿಯೊಂದು ಅದರ ಬೀಜ. ಮೈ ಮಾರಿಕೊಂಡು ಬದುಕುತ್ತಿದ್ದ ಒಬ್ಬ ಹುಡುಗಿಯನ್ನು ಯಾರೋ ನದಿಗೆ ತಳ್ಳಿ ಕೊಂದಿದ್ದರು. ಅವಳ ಬದುಕನ್ನು ಬದಲಿಸಲು ತನ್ನಿಂದ ಆಗದು, ಸಾವನ್ನಾದರೂ ಬದಲಿಸೋಣ ಎಂದುಕೊಂಡು ಬರೆದೆ ಎಂದು ಅವರೇ ಮುಂದೆ ಹೇಳಿದರು. ಹಾಡಿನಲ್ಲಿ ಅವಳಿಗೆ ಒಬ್ಬ ರಾಜ ಸಿಗುತ್ತಾನೆ, ಪ್ರೀತಿ ಸಿಗುತ್ತದೆ. ನದಿಗೆ ಬಿದ್ದವಳನ್ನು ಗಾಳಿ ನಕ್ಷತ್ರಕ್ಕೆ ಒಯ್ಯುತ್ತದೆ. ಕೊಲೆಯ ಮಾತೇ ಇಲ್ಲ. ಕೆಲವು ವರ್ಷಗಳ ನಂತರ ಮಿನಾ ಎಂಬ ಜನಪ್ರಿಯ ಗಾಯಕಿ ಇದನ್ನು ಹಾಡಿದರು. ಆಗ ಬಂದ ದುಡ್ಡಿನಿಂದಲೇ ದೆ ಆಂದ್ರೆಗೆ ಹಾಡನ್ನೇ ನೆಚ್ಚಿಕೊಳ್ಳುವ ಧೈರ್ಯ ಬಂತು.

1967ರ ಜನವರಿಯಲ್ಲಿ ಗೆಳೆಯ ತೆಂಕೊ ಸಾನ್‌ರೆಮೊ ಸಂಗೀತ ಸ್ಪರ್ಧೆಯಿಂದ ಹೊರಬಿದ್ದ ರಾತ್ರಿಯೇ ಹೋಟೆಲ್ ಕೋಣೆಯಲ್ಲಿ ಗುಂಡೇಟಿನಿಂದ ತೀರಿಕೊಂಡರು. ಅದು ಆತ್ಮಹತ್ಯೆ ಎಂದಾಯಿತು. ಆತ್ಮಹತ್ಯೆ ಮಹಾಪಾಪ ಎನ್ನುತ್ತಿದ್ದ ಸಮಾಜದಲ್ಲಿ ದೆ ಆಂದ್ರೆ ಒಂದು ಪ್ರಾರ್ಥನೆ ಬರೆದರು. ಇಂಥವರನ್ನೂ ಸ್ವರ್ಗಕ್ಕೆ ಕರೆದುಕೋ ಎಂದು ದೇವರನ್ನೇ ಕೇಳಿದರು.

ಅದೇ ವರ್ಷದ ‘ಬೊಕ್ಕಾ ದಿ ರೋಸಾ’ದಲ್ಲಿ ಒಬ್ಬಳು ಹೆಂಗಸು ಸಣ್ಣ ಊರಿನ ಸ್ಟೇಷನ್‌ನಲ್ಲಿ ಇಳಿಯುತ್ತಾಳೆ. ದುಡ್ಡಿಗಲ್ಲ, ಸುಮ್ನೆ ಇಷ್ಟಪಟ್ಟು ಪ್ರೀತಿಸುವವಳು. ಊರ ಹೆಂಗಸರು ಪೊಲೀಸರಿಗೆ ದೂರು ಕೊಡುತ್ತಾರೆ. ಪೊಲೀಸರು ಒಲ್ಲದ ಮನಸ್ಸಿನಿಂದ ಅವಳನ್ನು ರೈಲು ಹತ್ತಿಸುತ್ತಾರೆ. ಊರ ಗಂಡಸರೆಲ್ಲ ಕಣ್ಣೀರಿಟ್ಟು ಬೀಳ್ಕೊಡುತ್ತಾರೆ. ಮುಂದಿನ ಸ್ಟೇಷನ್‌ನಲ್ಲಿ ಇನ್ನೂ ಜಾಸ್ತಿ ಜನ ಕಾದಿರುತ್ತಾರೆ. ಅಲ್ಲಿಯ ಪಾದ್ರಿಯಂತೂ ಮೆರವಣಿಗೆಯಲ್ಲಿ ಅವಳನ್ನು ಮೇರಿಮಾತೆಯ ಜೊತೆಗೇ ಕರೆದೊಯ್ಯುತ್ತಾನೆ! ಇಷ್ಟೆಲ್ಲ ಕಥೆ ಮೂರೇ ನಿಮಿಷದಲ್ಲಿ, ನಗು ಉಕ್ಕಿಸುತ್ತಾ ಮುಗಿಯುತ್ತದೆ. ಅವರ ಹಾಡುಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದು.

ವಿದ್ಯಾರ್ಥಿ ಚಳವಳಿಯ ಕಾವು ಇನ್ನೂ ಆರದ 1970ರಲ್ಲಿ ಅವರು ಯೇಸುವಿನ ಕುರಿತು ಇಡೀ ಆಲ್ಬಮ್ ತಂದರು. ಇದೇನು ಈಗ ಎಂದು ಎಡಪಂಥದ ಗೆಳೆಯರೇ ಗೊಣಗಿದರು. ಅಧಿಕಾರಕ್ಕೆ ಎದುರು ನಿಂತವರಲ್ಲಿ ಯೇಸುವೇ ದೊಡ್ಡವನು ಎಂಬುದು ದೆ ಆಂದ್ರೆ ಉತ್ತರ. 1973ರಲ್ಲಿ ಬಾಂಬ್ ಇಡಲು ಹೊರಟ ಗುಮಾಸ್ತನ ಕಥೆ ಹಾಡಿದಾಗಲೂ ಎಡಪಂಥೀಯ ವಿಮರ್ಶಕರೇ ಬೈದರು. ವೇದಿಕೆ ಎಂದರೆ ಅವರಿಗೆ ಭಯ. 1975ರವರೆಗೆ ಸರಿಯಾದ ಕಛೇರಿಯನ್ನೇ ಕೊಟ್ಟಿರಲಿಲ್ಲ. ಆಗ ಒಪ್ಪಿಕೊಂಡದ್ದಕ್ಕೆ ಸಾರ್ಡಿನಿಯಾದ ತೋಟದ ಖರ್ಚೂ ಒಂದು ಕಾರಣ.

ಅಪಹರಣ ಆದದ್ದು ಅದೇ ತೋಟದಿಂದ. ಹಾಗಂತ ಅವರು ಆ ದ್ವೀಪ ಬಿಟ್ಟು ಓಡಲಿಲ್ಲ. 1981ರ ಆಲ್ಬಮ್‌ನಲ್ಲಿ ಸಾರ್ಡಿನಿಯಾದ ಕುರಿಗಾಹಿಗಳನ್ನೂ ಅಮೆರಿಕದ ಮೂಲನಿವಾಸಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಇಬ್ಬರೂ ತಮ್ಮ ನೆಲದಲ್ಲೇ ಮೂಲೆಗೆ ತಳ್ಳಿಸಿಕೊಂಡವರು. ಸೆರೆಯ ದಿನಗಳ ನೆನಪಿನ ಹಾಡೂ ಅದರಲ್ಲಿದೆ. ಅದು ಪ್ರೇಮಗೀತೆಯ ಹಾಗಿದೆ, ದ್ವೇಷದ ಒಂದು ಮಾತೂ ಇಲ್ಲ.

1984ರಲ್ಲಿ ಬಂದದ್ದು ‘ಕ್ರೂಜಾ ದೆ ಮಾ’. ಇಡೀ ಆಲ್ಬಮ್ ಜಿನೋವಾದ ಆಡುನುಡಿಯಲ್ಲಿದೆ. ಇಟಲಿಯ ಬೇರೆ ಊರಿನವರಿಗೇ ಅದು ಅರ್ಥವಾಗುವುದು ಕಷ್ಟ. ಮಾವುರೊ ಪಗಾನಿ ಕೂಡಿಸಿದ ಸಂಗೀತದಲ್ಲಿ ಅರಬರ ಊದ್, ಟರ್ಕಿಯ ಸಾಜ್, ಗ್ರೀಸ್‌ನ ಬೂಜೂಕಿ ಎಂಬ ತಂತಿವಾದ್ಯಗಳೆಲ್ಲ ಸೇರಿವೆ. ಮೊದಲ ಹಾಡಿನ ಕೊನೆಗೆ ಜಿನೋವಾದ ಮೀನು ಮಾರುಕಟ್ಟೆಯವರು ಕೂಗಿ ಮಾರುವ ದನಿಯೇ ಕೇಳಿಸುತ್ತದೆ. ಇನ್ನೊಂದು ಹಾಡು ಲೆಬನಾನಿನ ಸೈದಾ ಪಟ್ಟಣದ ಒಬ್ಬ ಅಪ್ಪನದು, ಯುದ್ಧದಲ್ಲಿ ಸತ್ತ ಮಗುವನ್ನು ಎತ್ತಿಕೊಂಡವನದು. ಮಾರುಕಟ್ಟೆಯ ಲೆಕ್ಕದಲ್ಲಿ ಇದು ಹುಚ್ಚು ಸಾಹಸ. ಆದರೂ ಜನ ಕೊಂಡು ಕೇಳಿದರು. ಆ ವರ್ಷದ ಅತ್ಯುತ್ತಮ ಆಲ್ಬಮ್ ಎಂದು, ತೀರಿಹೋದ ಗೆಳೆಯನ ಹೆಸರಿನ ‘ತಾರ್ಗಾ ತೆಂಕೊ’ ಪ್ರಶಸ್ತಿಯೂ ಬಂತು.

1996ರ ಕೊನೆಯ ಆಲ್ಬಮ್ ‘ಆನಿಮೆ ಸಾಲ್ವೆ’ ಇನ್ನೊಬ್ಬ ಹಾಡುಗಾರ ಇವಾನೊ ಫೊಸ್ಸಾತಿ ಜೊತೆ ಸೇರಿ ಮಾಡಿದ್ದು. ಬ್ರೆಜಿಲ್‌ನಿಂದ ಬಂದ ಟ್ರಾನ್ಸ್‌ಜೆಂಡರ್ ಹೆಣ್ಣೊಬ್ಬಳು, ಊರೂರು ಅಲೆಯುವ ರೋಮಾ ಜನ, ಒಂಟಿ ಮನುಷ್ಯರು ಅದರಲ್ಲಿದ್ದಾರೆ. ಒಂದು ಹಾಡಿನ ಕೊನೆಯ ಭಾಗ ರೋಮಾ ಜನರ ಭಾಷೆಯಲ್ಲೇ ಇದೆ. 1999ರ ಜನವರಿ 11ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ಅವರು ಮಿಲಾನ್‌ನಲ್ಲಿ ತೀರಿಕೊಂಡರು. ಜಿನೋವಾದಲ್ಲಿ ನಡೆದ ಅಂತ್ಯಸಂಸ್ಕಾರಕ್ಕೆ ಸಾವಿರಾರು ಜನ ಸೇರಿದ್ದರು.

ಇಟಾಲಿಯನ್ ಬಾರದವರು ಅವರನ್ನು ಕೇಳಲು ಶುರು ಮಾಡುವುದಾದರೆ ‘ಕ್ರೂಜಾ ದೆ ಮಾ’ ಒಳ್ಳೆಯದು, ಅಲ್ಲಿ ಎಲ್ಲರೂ ಹೊಸಬರೇ. ಆಮೇಲೆ ಪಿಎಫ್‌ಎಂ ಎಂಬ ರಾಕ್ ತಂಡದ ಜೊತೆ ಮಾಡಿದ 1979ರ ಕಛೇರಿಗಳ ಧ್ವನಿಮುದ್ರಣ ಹಾಕಿಕೊಳ್ಳಿ. ಅಪಹರಣಕ್ಕೆ ಕೆಲವೇ ತಿಂಗಳ ಹಿಂದೆ ಮುದ್ರಿಸಿಕೊಂಡದ್ದು ಅದು.