ಸರ್ಟಿಫಿಕೇಷನ್: ‘ಇಲ್ಲ’ ಅನ್ನಲು ಬಾರದ ಸಹಿ

ನಮ್ಮಲ್ಲಿ ‘ಕ್ಯಾನ್ವಾಸ್’ ಅಂದರೆ ಮನೆಮನೆಗೆ ಹೋಗಿ ಕೈಮುಗಿದು ಓಟು ಕೇಳುವುದು. ಅಮೆರಿಕದಲ್ಲೂ ಆ ಅರ್ಥ ಇದೆ. ಆದರೆ ಅಲ್ಲಿನ ಚುನಾವಣಾ ಕಚೇರಿಯೊಳಗೆ ಅದೇ ಪದಕ್ಕೆ ಇನ್ನೊಂದು ಅರ್ಥ. ಓಟು ಎಣಿಸಿದ ಮೇಲೆ ಲೆಕ್ಕವನ್ನೆಲ್ಲ ತಾಳೆ ನೋಡುವ ಕೆಲಸಕ್ಕೆ ಅವರು ಕ್ಯಾನ್ವಾಸ್ ಅನ್ನುತ್ತಾರೆ. ತಾಳೆ ನೋಡಿ ಮುಗಿದ ಮೇಲೆ ‘ಇದೇ ಅಂತಿಮ ಲೆಕ್ಕ’ ಎಂದು ಹಾಕುವ ಸಹಿಯೇ ಸರ್ಟಿಫಿಕೇಷನ್. ದೃಢೀಕರಣ ಅಂತಲೂ ಹೇಳಬಹುದು. 2020ರವರೆಗೆ ಈ ಸಹಿಯ ಬಗ್ಗೆ ತಲೆಕೆಡಿಸಿಕೊಂಡವರು ತೀರಾ ಕಡಿಮೆ.

ಇದು ಯಾಕೆ ಬೇಕು? ಅಲ್ಲಿ ನಮ್ಮ ಹಾಗೆ ಇಡೀ ದೇಶದ ಚುನಾವಣೆ ನಡೆಸುವ ಒಂದೇ ಆಯೋಗ ಇಲ್ಲ. ಚುನಾವಣೆ ನಡೆಸುವುದು ರಾಜ್ಯಗಳು, ಅವುಗಳ ಕೆಳಗಿನ ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳಂಥವು. ದೇಶದಲ್ಲಿ 3,000ಕ್ಕೂ ಹೆಚ್ಚು ಕೌಂಟಿಗಳಿವೆ. ಮತದಾನದ ರಾತ್ರಿ ಟೀವಿಯಲ್ಲಿ ಬರುವ ‘ಇಂಥವರು ಗೆದ್ದರು’ ಎಂಬುದು ಸುದ್ದಿಸಂಸ್ಥೆಗಳ ಲೆಕ್ಕಾಚಾರ, ಅಷ್ಟೇ. ಕಾನೂನಿನ ಲೆಕ್ಕ ನಿಧಾನವಾಗಿ ಮೇಲೇರುತ್ತದೆ. ಮೊದಲು ಕೌಂಟಿಯ ಸಹಿ, ಆಮೇಲೆ ರಾಜ್ಯದ ಸಹಿ. ಅಧ್ಯಕ್ಷರ ಚುನಾವಣೆಯಾದರೆ ಡಿಸೆಂಬರ್‌ನಲ್ಲಿ ರಾಜ್ಯಗಳ ಪರವಾಗಿ ಅಧ್ಯಕ್ಷರನ್ನು ಆರಿಸುವ ಎಲೆಕ್ಟರುಗಳ ಓಟು, ಜನವರಿ 6ಕ್ಕೆ ವಾಷಿಂಗ್ಟನ್‌ನಲ್ಲಿ ಅವುಗಳ ಎಣಿಕೆ. ಕೆಳಗಿನ ಮೆಟ್ಟಿಲಲ್ಲಿ ಸಹಿ ನಿಂತರೆ ಮೇಲಿನದ್ದು ಅಲುಗಾಡುತ್ತದೆ.

ನಮ್ಮಲ್ಲಿ ಗೆದ್ದವರಿಗೆ ಪ್ರಮಾಣಪತ್ರ ಕೊಡುವ ಚುನಾವಣಾಧಿಕಾರಿ ಸರ್ಕಾರಿ ನೌಕರ. ತಕರಾರಿದ್ದರೆ ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಅರ್ಜಿ. ಅಲ್ಲಿ ಎಷ್ಟೋ ಕಡೆ ಸಹಿ ಹಾಕುವವರು ಪಕ್ಷಗಳು ಸೂಚಿಸಿದ ಜನ, ಅಥವಾ ಪಕ್ಷದ ಹೆಸರಲ್ಲೇ ಆಯ್ಕೆಯಾಗಿ ಬಂದವರು. ಎಡವಟ್ಟು ಶುರುವಾಗುವುದು ಇಲ್ಲೇ.

ಮಿಚಿಗನ್ ರಾಜ್ಯದ ವೇಯ್ನ್ ಕೌಂಟಿಯನ್ನೇ ನೋಡಿ. ಡೆಟ್ರಾಯಿಟ್ ನಗರ ಇರುವುದು ಇಲ್ಲಿ. ಸಹಿ ಹಾಕುವ ಮಂಡಳಿಯಲ್ಲಿ ನಾಲ್ವರು: ಇಬ್ಬರು ರಿಪಬ್ಲಿಕನ್, ಇಬ್ಬರು ಡೆಮಾಕ್ರಾಟ್. 2020ರ ನವೆಂಬರ್ 17ರಂದು ಸಭೆ ಸೇರಿದರು. ಮತ ಹಾಕಿದಾಗ 2–2. ಸಹಿ ಆಗಲಿಲ್ಲ.

ಒಪ್ಪದ ಇಬ್ಬರು ರಿಪಬ್ಲಿಕನ್ನರು ಕೊಟ್ಟ ಕಾರಣ: ಮತದಾರರ ಪಟ್ಟಿಯಲ್ಲಿ ಗುರುತಾದವರ ಲೆಕ್ಕಕ್ಕೂ ಮತಪತ್ರಗಳ ಲೆಕ್ಕಕ್ಕೂ ಹಲವು ಕಡೆ ತಾಳೆಯಾಗುತ್ತಿಲ್ಲ. ನಿಜ, ಆಗಿರಲಿಲ್ಲ. ಯಾರೋ ಹೆಸರು ಗುರುತು ಹಾಕಿಸಿಕೊಂಡು, ಸಾಲು ಉದ್ದ ಇದೆ ಅಂತ ಓಟು ಹಾಕದೆ ಮನೆಗೆ ಹೋಗಿರುತ್ತಾರೆ. ಒಂದು ಮೇಜಿನ ಲಕೋಟೆ ಪಕ್ಕದ ಮೇಜಿಗೆ ಹೋಗಿರುತ್ತದೆ. ಮದುವೆ ಮನೆಯಲ್ಲಿ ಹಾಸಿದ ಎಲೆಗೂ ಉಂಡವರ ಲೆಕ್ಕಕ್ಕೂ ಒಂದೆರಡು ಹೆಚ್ಚುಕಮ್ಮಿ ಆಗುತ್ತಲ್ವಾ, ಹಾಗೆ. ಎಲ್ಲ ಸೇರಿಸಿದರೂ ವ್ಯತ್ಯಾಸ ಕೆಲವು ನೂರು ಓಟು. ರಾಜ್ಯದಲ್ಲಿ ಬೈಡನ್ ಮುಂದಿದ್ದದ್ದು 1,54,000ಕ್ಕೂ ಹೆಚ್ಚು ಓಟಿನಿಂದ. 2016ರಲ್ಲೂ ಡೆಟ್ರಾಯಿಟ್‌ನಲ್ಲಿ ಇಂಥದ್ದೇ ತಾಳೆಯಿಲ್ಲದ ಲೆಕ್ಕ ಇತ್ತು. ಆಗ ರಾಜ್ಯ ಟ್ರಂಪ್ ಪಾಲಾಗಿದ್ದು ಹನ್ನೊಂದು ಸಾವಿರಕ್ಕೂ ಕಡಿಮೆ ಅಂತರದಲ್ಲಿ. ಸಹಿ ಮಾತ್ರ ನಿಲ್ಲಲಿಲ್ಲ.

ಮಂಡಳಿಯ ರಿಪಬ್ಲಿಕನ್ ಅಧ್ಯಕ್ಷೆ ಇನ್ನೊಂದು ಮಾತು ತೇಲಿಬಿಟ್ಟರು. ಡೆಟ್ರಾಯಿಟ್ ಒಂದನ್ನು ಬಿಟ್ಟು ಮಿಕ್ಕ ಊರುಗಳ ಲೆಕ್ಕಕ್ಕೆ ಒಪ್ಪಬಹುದು ಅಂತ. ಡೆಟ್ರಾಯಿಟ್‌ನಲ್ಲಿ ಬಹುಪಾಲು ಕಪ್ಪು ಜನರು. ಅದೇ ಕೌಂಟಿಯ ಲಿವೋನಿಯಾದಲ್ಲಿ ಬಹುಪಾಲು ಬಿಳಿಯರು, ಲೆಕ್ಕದ ಗೊಂದಲ ಅಲ್ಲೂ ಜೋರಾಗಿಯೇ ಇತ್ತು. ಇಷ್ಟು ಸಾಕಾಯಿತು. ಗಂಟೆಗಟ್ಟಲೆ ಜನ ಒಬ್ಬರಾದ ಮೇಲೊಬ್ಬರು ಉಗಿದರು. ರಾತ್ರಿ ಮತ್ತೆ ಮತ ಹಾಕಿದರು. ಈ ಸಲ 4–0. ಸಹಿ ಬಿತ್ತು.

ಅಲ್ಲಿಗೂ ಮುಗಿಯಲಿಲ್ಲ. ಅದೇ ರಾತ್ರಿ ಟ್ರಂಪ್ ಅವರಿಂದ ಫೋನ್ ಬಂತು. ಮರುದಿನ ಇಬ್ಬರು ರಿಪಬ್ಲಿಕನ್ ಸದಸ್ಯರೂ ‘ನಮ್ಮ ಒಪ್ಪಿಗೆ ವಾಪಸ್’ ಎಂದು ಅಫಿಡವಿಟ್ ಬರೆದುಕೊಟ್ಟರು. ಕೊಟ್ಟ ಸಹಿ ವಾಪಸ್ ಪಡೆಯುವ ದಾರಿ ಕಾನೂನಿನಲ್ಲಿ ಇರಲಿಲ್ಲ.

ನವೆಂಬರ್ 23ರಂದು ರಾಜ್ಯ ಮಂಡಳಿಯ ಸರದಿ. ಅಲ್ಲೂ ಇಬ್ಬರು, ಇಬ್ಬರು. ಒಬ್ಬ ರಿಪಬ್ಲಿಕನ್ ಮತ ಹಾಕದೆ ಸುಮ್ನೆ ಕೂತರು. ಇನ್ನೊಬ್ಬರು ಆರನ್ ವ್ಯಾನ್ ಲ್ಯಾಂಗವೆಲ್ಡ್, ವಕೀಲರು. ನಮಗಿಲ್ಲದ ಅಧಿಕಾರವನ್ನು ನಾವು ಚಲಾಯಿಸಬಾರದು ಅನ್ನುವ ಅರ್ಥದ ಮಾತು ಹೇಳಿ ಒಪ್ಪಿಗೆಯ ಕಡೆ ಮತ ಹಾಕಿದರು. 3–0. ಕೆಲವೇ ವಾರಗಳಲ್ಲಿ ಅವರ ಅವಧಿ ಮುಗಿಯಿತು. ಪಕ್ಷ ಅವರ ಹೆಸರನ್ನು ಮತ್ತೆ ಸೂಚಿಸಲಿಲ್ಲ.

ಮೇಲಿನ ಮೆಟ್ಟಿಲಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಜಾರ್ಜಿಯಾದಲ್ಲಿ ಬೈಡನ್ ಅವರ ಅಂತರ 11,779 ಓಟು. ಸಹಿ ಬಿದ್ದು ವಾರಗಳಾದ ಮೇಲೆ, 2021ರ ಜನವರಿ 2ರಂದು, ಟ್ರಂಪ್ ಆ ರಾಜ್ಯದ ಚುನಾವಣಾ ಮುಖ್ಯಸ್ಥರಿಗೆ ಫೋನ್ ಮಾಡಿ ಹುಡುಕಿಕೊಡಿ ಅಂತ ಕೇಳಿದ್ದು 11,780. ನಾಲ್ಕು ದಿನಕ್ಕೆ ಸಂಸತ್ ಭವನಕ್ಕೆ ಗುಂಪು ನುಗ್ಗಿತು. ಎಲೆಕ್ಟರುಗಳ ಓಟಿನ ಮರದ ಪೆಟ್ಟಿಗೆಗಳನ್ನು ಸೆನೆಟ್ ಸಿಬ್ಬಂದಿ ಹೊತ್ತುಕೊಂಡೇ ಹೊರಗೆ ಓಡಿದರು. 2022ರ ಕೊನೆಗೆ ಈ ಎಣಿಕೆಯ ಹಳೆಯ 1887ರ ಕಾಯಿದೆಯನ್ನು ತಿದ್ದಿದರು. ಎಣಿಕೆ ನಡೆಸಿಕೊಡುವ ಉಪಾಧ್ಯಕ್ಷರ ಕೆಲಸ ಬರೀ ಔಪಚಾರಿಕ ಎಂದು ಬರೆದರು. ಆಕ್ಷೇಪಣೆ ಎತ್ತಲು ಎರಡೂ ಸದನಗಳ ಐದನೇ ಒಂದು ಭಾಗ ಸದಸ್ಯರ ಸಹಿ ಬೇಕು ಎಂದರು. ಮೊದಲು ಸದನಕ್ಕೊಬ್ಬರಂತೆ ಇಬ್ಬರು ಎದ್ದು ನಿಂತರೆ ಸಾಕಿತ್ತು. ಮೇಲಿನ ಬಾಗಿಲಿಗೆ ಬೀಗ ಬಿತ್ತು. ಕೆಳಗೆ ಮಾತ್ರ ಸಾವಿರಾರು ಬಾಗಿಲು.

2022ರ ಜೂನ್‌ನಲ್ಲಿ ನ್ಯೂ ಮೆಕ್ಸಿಕೊದ ಒಟೆರೊ ಕೌಂಟಿಯ ಮೂವರು ಕಮಿಷನರುಗಳೂ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯ ಫಲಿತಾಂಶಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಎಣಿಕೆ ಯಂತ್ರದ ಮೇಲೆ ನಂಬಿಕೆ ಇಲ್ಲ ಅಂದರು. ಇಂಥ ಯಂತ್ರದಲ್ಲಿ ಇಂಥ ತಪ್ಪು ಎಂದು ತೋರಿಸಲಿಲ್ಲ. ರಾಜ್ಯದ ಸುಪ್ರೀಂ ಕೋರ್ಟ್ ಸಹಿ ಹಾಕಿ ಎಂದು ಆದೇಶ ಕೊಟ್ಟಿತು. ಇಬ್ಬರು ಹಾಕಿದರು. ಮೂರನೆಯವರು ಕೂಯ್ ಗ್ರಿಫಿನ್. ಜನವರಿ 6ರ ಪ್ರಕರಣದಲ್ಲಿ ಶಿಕ್ಷೆ ಕೇಳಿಸಿಕೊಳ್ಳಲು ವಾಷಿಂಗ್ಟನ್‌ಗೆ ಹೋಗಿದ್ದವರು ಅಲ್ಲಿಂದಲೇ ಫೋನಿನಲ್ಲಿ ‘ಇಲ್ಲ’ ಅಂದರು. ತಮ್ಮ ಬಳಿ ಸಾಕ್ಷಿಯೂ ಇಲ್ಲ, ಆಧಾರವೂ ಇಲ್ಲ, ಮನಸ್ಸಿಗೆ ಹಾಗನ್ನಿಸುತ್ತದೆ ಅಷ್ಟೇ ಎಂದು ಅವರೇ ಬಾಯಿಬಿಟ್ಟು ಹೇಳಿದರು. ಒಂದು ಲೆಕ್ಕದಲ್ಲಿ ಪ್ರಾಮಾಣಿಕ ಮಾತು.

ಆದರೆ ಇಂಥವರು ಕೇಳುವ ಒಂದು ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ‘ಇಲ್ಲ’ ಅನ್ನಲು ಅವಕಾಶವೇ ಇಲ್ಲದಿದ್ದರೆ ನಮ್ಮಿಂದ ಮತ ಹಾಕಿಸುವುದು ಯಾಕೆ? ಸೀಲು ಒತ್ತಲು ಒಬ್ಬ ಗುಮಾಸ್ತ ಸಾಕಲ್ವಾ?

ನನಗೆ ಸರಿ ಅನ್ನಿಸುವ ಉತ್ತರ ಇದು. ಇವರು ನೋಡಬೇಕಾದದ್ದು ಕೂಡಿ-ಕಳೆದದ್ದು ಸರಿಯಿದೆಯೇ, ಎಲ್ಲ ಮತಗಟ್ಟೆಯ ಕಾಗದ ಬಂದಿದೆಯೇ ಎಂಬುದನ್ನು. ತಪ್ಪು ಕಂಡರೆ ತಿದ್ದಿಸಬಹುದು, ಬರೆದಿಡಬಹುದು, ತನಿಖೆಗೆ ಕಳಿಸಬಹುದು. ಚುನಾವಣೆಯಲ್ಲಿ ಮೋಸ ನಡೆಯಿತೇ ಎಂದು ತೀರ್ಪು ಕೊಡುವ ಕೆಲಸ ಮಾತ್ರ ಇವರದ್ದಲ್ಲ. ಅದಕ್ಕೆ ಮರುಎಣಿಕೆ ಇದೆ, ಕೋರ್ಟ್ ಇದೆ. ಅಲ್ಲಿ ಸಾಕ್ಷಿ ಕೇಳುತ್ತಾರೆ, ಎದುರು ಪಾರ್ಟಿಗೂ ಮಾತಾಡಲು ಬಿಡುತ್ತಾರೆ. ಕೌಂಟಿ ಸಭೆಯಲ್ಲಿ ಅದು ಯಾವುದೂ ಇಲ್ಲ. ಅಲ್ಲಿನ ಕೋರ್ಟುಗಳು 19ನೇ ಶತಮಾನದಿಂದಲೂ ಇದನ್ನೇ ಹೇಳುತ್ತಾ ಬಂದಿವೆ: ಸಹಿ ಕರ್ತವ್ಯ, ಸ್ವಂತ ವಿವೇಚನೆಗೆ ಜಾಗವಿಲ್ಲ. ಮಿಚಿಗನ್ ಜನ 2022ರಲ್ಲಿ ಓಟು ಹಾಕಿ ಈ ಮಾತನ್ನು ತಮ್ಮ ರಾಜ್ಯದ ಸಂವಿಧಾನದೊಳಕ್ಕೇ ಬರೆಸಿಕೊಂಡರು. ಮತ ಹಾಕಿಸುವುದು ಹಳೇ ಕಾಲದ ಪದ್ಧತಿ. ಎರಡೂ ಪಕ್ಷದವರು ಎದುರಿಗೆ ಕೂತು ಲೆಕ್ಕ ನೋಡಲಿ ಎಂದು ಮಾಡಿಟ್ಟದ್ದು.

ಜಾರ್ಜಿಯಾದಲ್ಲಿ 2024ರ ಆಗಸ್ಟ್‌ನಲ್ಲಿ ರಾಜ್ಯದ ಚುನಾವಣಾ ಮಂಡಳಿ ಹೊಸ ನಿಯಮ ತಂದಿತು. ‘ಸಮಂಜಸ ವಿಚಾರಣೆ’ ನಡೆಸಿದ ಮೇಲೆ ಸಹಿ ಅಂತ. ಕೇಳಲು ಚೆನ್ನಾಗಿದೆ. ಸಮಂಜಸ ಅಂದರೆ ಎಷ್ಟು, ಎಷ್ಟು ದಿನ, ಅದನ್ನು ಹೇಳಲಿಲ್ಲ. ಅಕ್ಟೋಬರ್‌ನಲ್ಲಿ ನ್ಯಾಯಾಧೀಶ ರಾಬರ್ಟ್ ಮ್ಯಾಕ್‌ಬರ್ನಿ ಖಡಕ್ಕಾಗಿ ಬರೆದರು: ಯಾವ ಸಂದರ್ಭದಲ್ಲೂ ಸಹಿ ಹಾಕಲ್ಲ ಅನ್ನುವಂತಿಲ್ಲ, ಮತ ಹಾಕದೆ ಸುಮ್ಮನೆ ಕೂರುವಂತೆಯೂ ಇಲ್ಲ.

ಸಹಿ ನಿಂತರೆ ಯಾರ ಓಟು ಹೋಗುತ್ತದೆ ಎಂಬುದಕ್ಕೆ ಅರಿಜೋನಾದ ಕೊಚೀಸ್ ಕೌಂಟಿ ನೋಡಿ. ಮೆಕ್ಸಿಕೊ ಗಡಿಯ ಊರುಗಳು, ರಿಪಬ್ಲಿಕನ್ ಕೋಟೆ. 2022ರ ನವೆಂಬರ್ 28 ಕೊನೆಯ ದಿನ. ಅವತ್ತು ಕೌಂಟಿ ಮಂಡಳಿಯ ಮೂವರಲ್ಲಿ ಇಬ್ಬರು ರಿಪಬ್ಲಿಕನ್ ಮೇಲ್ವಿಚಾರಕರು ಸಹಿ ಮುಂದಕ್ಕೆ ಹಾಕಿದರು. ರಾಜ್ಯ ಅವರಿಗಾಗಿ ಕಾದು ಕೂರುವಂತಿರಲಿಲ್ಲ. ಕೊಚೀಸ್ ಕಾಗದ ಬರದಿದ್ದರೆ ಅಲ್ಲಿನ ಸುಮಾರು 47,000 ಓಟುಗಳನ್ನು ಬಿಟ್ಟೇ ಕೂಡಬೇಕಿತ್ತು. ಹಾಗೆ ಕೂಡಿದ್ದರೆ ರಿಪಬ್ಲಿಕನ್ ಗೆದ್ದಿದ್ದ ಒಂದು ಸಂಸತ್ ಸೀಟು ಡೆಮಾಕ್ರಾಟ್ ಪಾಲಾಗುತ್ತಿತ್ತು. ಡಿಸೆಂಬರ್ 1ರಂದು ನ್ಯಾಯಾಧೀಶರು ಇವತ್ತೇ ಮುಗಿಸಿ ಅಂದರು. ಮೂವರಲ್ಲಿ ಇಬ್ಬರು ಸಹಿ ಹಾಕಿದರು. ಮೂರನೆಯವರು ಸಭೆಗೇ ಬರಲಿಲ್ಲ.