ಲಿನಕ್ಸ್ ಪುಕ್ಕಟೆ, ಆದರೆ ಮುಂಬೈಯಲ್ಲಿ ವಿಂಡೋಸೂ ಪುಕ್ಕಟೆಯೇ ಇತ್ತು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಇನ್ನೊಂದು ವರ್ಷದ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ, ಅಷ್ಟೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ನಂತರದ ಪ್ರೊಸೆಸರ್ ಬೇಕು. ಮುಂಬೈ ಕಡೆಯ ಡೊಂಬಿವಲಿಯಲ್ಲೋ ಮಾಟುಂಗದಲ್ಲೋ ಕನ್ನಡದವರ ಮನೆಯಲ್ಲಿರುವ ಹತ್ತು ವರ್ಷದ ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತಿದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಂ (ಓಎಸ್) ಲಿನಕ್ಸ್ ಮಾತು ಮತ್ತೆ ಎದ್ದಿದೆ.

ಮಾತೇನೋ ಹಳೆಯದು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಲ್ಲರೂ ಹಂಚಿಕೊಳ್ಳಬಹುದಾದ ಓಎಸ್ ಕಟ್ಟುವ ಗ್ನೂ ಯೋಜನೆ ಪ್ರಕಟಿಸಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಓಎಸ್‌ನ ತಿರುಳಾದ ಲಿನಕ್ಸ್ ಕರ್ನೆಲ್ ಹೊರಬಿಟ್ಟರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ನಮ್ಮಲ್ಲಿಗೆ ಅದು ಕಂಪ್ಯೂಟರ್ ಪತ್ರಿಕೆಗಳ ಸಿಡಿಗಳಲ್ಲಿ ಬಂತು. 2004ರಲ್ಲಿ ಶುರುವಾದ ಉಬುಂಟು ಎಂಬ ಲಿನಕ್ಸ್ ಬಗೆ ಕೆಲವು ವರ್ಷ ಮನೆ ಬಾಗಿಲಿಗೇ ಸಿಡಿ ಕಳಿಸುತ್ತಿತ್ತು, ಅಂಚೆ ಖರ್ಚೂ ಕೇಳುತ್ತಿರಲಿಲ್ಲ.

ಆದರೂ ಮನೆಗಳಲ್ಲಿ ಅದು ನಿಲ್ಲಲಿಲ್ಲ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿಭಾಗ ಕೊಂಡು ಪಿಸಿ ಅಸೆಂಬಲ್ ಮಾಡಿಸುತ್ತಿದ್ದ ಕಾಲ. ಜೋಡಿಸುವವನೇ ನಕಲಿ ವಿಂಡೋಸ್ ತುಂಬಿಸಿ ಕೊಡುವುದು ಮಾಮೂಲಾಗಿತ್ತು. ಕೈಯಿಂದ ಕಾಸು ಬಿಚ್ಚದೆ ವಿಂಡೋಸ್ ಸಿಗುವಾಗ 'ಪುಕ್ಕಟೆ' ಅನ್ನುವ ಕಾರಣಕ್ಕೆ ಲಿನಕ್ಸ್ ಯಾರಿಗೆ ಬೇಕು, ಅಲ್ವಾ?

ಕನ್ನಡದವರಿಗೆ ಇನ್ನೂ ಒಂದು ಗಂಟಿತ್ತು. ಕನ್ನಡ ಸಂಘದ ಆಮಂತ್ರಣ, ಸ್ಮರಣ ಸಂಚಿಕೆ ಎಲ್ಲ ನುಡಿ, ಬರಹ, ಇಲ್ಲವೇ ಪುಣೆಯ ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ. ಎಲ್ಲವೂ ಮುಖ್ಯವಾಗಿ ವಿಂಡೋಸಿಗೆ ಮಾಡಿದವು. ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಬರೀ ಕಲಸುಮೇಲೋಗರ. ಈ ಗಂಟನ್ನು ಬಿಡಿಸಿದ್ದು ಯುನಿಕೋಡ್, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ. (ವಿಂಡೋಸ್ ಎಕ್ಸ್‌ಪಿಯಲ್ಲಿ ಬಂದ ಯುನಿಕೋಡ್ ಫಾಂಟ್ 'ತುಂಗಾ' ಮುಂಬೈಯ ಅಕ್ಷರ ವಿನ್ಯಾಸಕ ಆರ್. ಕೆ. ಜೋಶಿ ಅವರ ಉಸ್ತುವಾರಿಯಲ್ಲಿ ತಯಾರಾದದ್ದು. ಕನ್ನಡಕ್ಕೆ ಮುಂಬೈ ಕೊಟ್ಟಿದ್ದರಲ್ಲಿ ಇದನ್ನು ನೆನೆಯುವವರು ಕಡಿಮೆ.) ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ಈಗ ನುಡಿಯಲ್ಲಿದ್ದಂಥ 'ಕಗಪ' ಕೀಲಿ ವಿನ್ಯಾಸವೇ ಇದೆ. ನುಡಿಗೆ ಪಳಗಿದ ಕೈ ಹೊಸದಾಗಿ ಕಲಿಯುವುದು ಜಾಸ್ತಿಯೇನಿಲ್ಲ.

ಬ್ಯಾಂಕು, ರೈಲು ಟಿಕೆಟ್, ಯೂಟ್ಯೂಬ್ ಎಲ್ಲ ಬ್ರೌಸರಿಗೆ ಬಂದ ಮೇಲೆ ಮನೆ ಬಳಕೆಯ ಮುಕ್ಕಾಲು ಪಾಲು ಕೆಲಸಕ್ಕೆ ಯಾವ ಓಎಸ್ ಅನ್ನುವುದೇ ಮುಖ್ಯವಲ್ಲ. ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್‌ನವರ 'ಬಾಸ್' ಲಿನಕ್ಸ್ ಇದೆ. ಕಚೇರಿಗೆ ಇರಲಿ, ಮನೆಗೆ ನಾನು ಹೇಳುವುದು ಮಿಂಟ್ ಎಂಬ ಇನ್ನೊಂದು ಲಿನಕ್ಸ್ ಬಗೆ. ಕೆಳಗೆ ಟಾಸ್ಕ್‌ಬಾರ್, ಎಡಮೂಲೆಯಲ್ಲಿ ಮೆನು, ಹಿರಿಯರೂ ತಡಕಾಡುವುದಿಲ್ಲ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. 2 ಜಿಬಿ ರ‍್ಯಾಮ್‌ನಲ್ಲಿ ಓಡುತ್ತದೆ, 4 ಇದ್ದರೆ ಆರಾಮ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಪ್ರಿಂಟರ್, ಸದ್ದು ನೋಡಿಕೊಳ್ಳಿ. ಡಿಸ್ಕ್ ಮುಟ್ಟುವ ಅಗತ್ಯವೇ ಇಲ್ಲ. ಕಲಿಯಲು ಪವಾಯಿಯ ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್' ಪಾಠಗಳು ಕನ್ನಡದಲ್ಲೂ ಇವೆ.

ವಿಂಡೋಸಿಗೆ ಮಾಡಿದ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಬಳಸುವವರು ಮನೆಯಲ್ಲಿದ್ದರೆ ಸುಮ್ನೆ ಹಟ ಬೇಡ, ವಿಂಡೋಸ್ ಒಂದು ಪಕ್ಕದಲ್ಲಿರಲಿ. ತೆಗೆದೇ ಹಾಕುವುದಾದರೆ ಸಂಘದ ಹಳೆಯ ಕಡತಗಳನ್ನು ಅದಕ್ಕೂ ಮೊದಲೇ ಯುನಿಕೋಡಿಗೆ ಬದಲಿಸಿಕೊಳ್ಳಿ. ಬರಹದ ಜೊತೆಗೇ ಪರಿವರ್ತಕ ಬರುತ್ತದೆ, ಆದರೆ ಅದು ಓಡುವುದು ವಿಂಡೋಸಿನಲ್ಲಿ.